ಪರದೇಶದ ಗುಳೆ: ನಿಮ್ಮ ಕೈಯಲ್ಲಿರುವ ಚೀಟಿ ಯಾವುದು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಗಳಲ್ಲಿ ಮಾಡಿದ ಭಾಷಣದ ಪಾಠ. ಪತ್ರಿಕೆಗಾಗಿ ಭಾಷಣಕಾರರೇ ಬರೆದುಕೊಟ್ಟದ್ದು.)



ಇಂದಿನ ಸಭೆಯ ವಿಷಯ ವೀಸಾ ಎಂದು ತಿಳಿದಾಗ ಕೆಲವರು ನಕ್ಕರು. ಪಗಾರ, ಬೋನಸ್ಸು, ಹಮಾಲಿ ದರ, ಇವುಗಳ ಬಗ್ಗೆ ಮಾತನಾಡಬೇಕಾದ ಸಂಘಕ್ಕೆ ವಿಮಾನ ಹತ್ತುವವರ ಚಿಂತೆ ಯಾಕೆ ಎಂದು ಕೇಳಿದರು. ವಿಮಾನ ಹತ್ತುವವರು ಯಾರು ಎಂಬುದನ್ನು ಒಮ್ಮೆ ನೋಡಿರಿ. ಹೈದರಾಬಾದಿನ ನಿಲ್ದಾಣದಲ್ಲಿ ಕುವೈತಿಗೆ, ದಮ್ಮಾಮಿಗೆ, ದುಬೈಗೆ ಹೋಗುವ ಸಾಲಿನಲ್ಲಿ ಹೆಗಲ ಮೇಲೆ ಕಂಬಳಿ ಚೀಲ ಹೊತ್ತು ನಿಂತವರು ಜಮೀನ್ದಾರರ ಮಕ್ಕಳಲ್ಲ. ಗಾರೆ ಕೆಲಸದವರು, ಡ್ರೈವರುಗಳು, ಬೆಸುಗೆ ಹಾಕುವವರು, ಮನೆಗೆಲಸದ ಹೆಣ್ಣುಮಕ್ಕಳು. ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಅವರಲ್ಲಿ ಬಹುಪಾಲು ದುಡಿಯುವ ಜನ. ಇದು ಗುಳೆಯೇ ಹೊರತು ಬೇರೇನೂ ಅಲ್ಲ.

ಗುಳೆ ಎಂದರೇನೆಂದು ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾಲುವೆಯ ನೀರು ಮುಟ್ಟದ ಮಸ್ಕಿ, ಲಿಂಗಸುಗೂರು ಭಾಗದ ಹಳ್ಳಿಗಳಿಂದ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ, ಗೋವೆಗೆ ಗಂಡ ಹೆಂಡತಿ ಮಕ್ಕಳು ಸಮೇತ ಬಸ್ಸು ಹತ್ತುವುದನ್ನು ಪ್ರತಿ ವರ್ಷ ಕಾಣುತ್ತೇವೆ. ಆ ಗುಳೆಯಲ್ಲಿ ಕಷ್ಟವಿದೆ, ಆದರೆ ಕಾಗದದ ಹಂಗಿಲ್ಲ. ಬೆಂಗಳೂರಿನ ಮೇಸ್ತ್ರಿ ಕೂಲಿ ಕೊಡದಿದ್ದರೆ ಅವನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗಬಹುದು, ಅದೂ ಆಗದಿದ್ದರೆ ಊರಿನ ಬಸ್ಸು ಹಿಡಿಯಬಹುದು. ಯಾರೂ ನಿಮ್ಮನ್ನು ಕಳ್ಳನೆಂದು ಹಿಡಿಯುವುದಿಲ್ಲ. ಸಮುದ್ರದಾಚೆಯ ಗುಳೆಯಲ್ಲಿ ಹೀಗಿಲ್ಲ. ಅಲ್ಲಿ ನೀವು ಯಾವ ಚೀಟಿಯ ಮೇಲೆ ಕಾಲಿಟ್ಟಿರೋ ಆ ಚೀಟಿಯೇ ನಿಮ್ಮ ಕೂಲಿ, ನಿಮ್ಮ ಕೋಣೆ, ನಿಮ್ಮ ಬಿಡುಗಡೆ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲು ಎರಡು ಕಾಗದಗಳ ಭೇದವನ್ನು ತಿಳಿದುಕೊಳ್ಳೋಣ. ಹತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು, ಪಾಠ ಹೇಳುವ ಚಟ ಹೋಗಿಲ್ಲ. ಪಾಸ್‌ಪೋರ್ಟು, ಅಂದರೆ ರಹದಾರಿ ಪುಸ್ತಕ, ನೀವು ಯಾರು ಎಂದು ಹೇಳುತ್ತದೆ. ಅದನ್ನು ಕೊಡುವುದು ನಮ್ಮ ಸರಕಾರ. ಅದು ಸರಕಾರದ ದಯೆಯಲ್ಲ. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಒಂದು ಭಾಗವೆಂದು ಸುಪ್ರೀಮ್ ಕೋರ್ಟು 1967ರಲ್ಲಿಯೇ ತೀರ್ಪು ಕೊಟ್ಟಿತು. ಆ ತೀರ್ಪಿನ ನಂತರವೇ ಅದೇ ವರ್ಷ ಪಾಸ್‌ಪೋರ್ಟು ಕಾನೂನು ಬಂತು. ವೀಸಾ ಹಾಗಲ್ಲ. ಅದು ಇನ್ನೊಂದು ದೇಶ ಕೊಡುವ ಪ್ರವೇಶದ ಪರವಾನಗಿ. ನೀವು ಯಾಕೆ ಬರುತ್ತೀರಿ, ಎಷ್ಟು ದಿನ ಇರುತ್ತೀರಿ, ಯಾರ ಹತ್ತಿರ ಇರುತ್ತೀರಿ, ಈ ಮೂರು ಮಾತು ಅದರಲ್ಲಿ ಇರುತ್ತವೆ. ಹೊರಡುವುದು ನಿಮ್ಮ ಹಕ್ಕು, ಒಳಗೆ ಬಿಡುವುದು ಅವರ ಇಚ್ಛೆ. ನೀವು ಹೇಳಿದ ಕಾರಣ ಒಂದು, ಮಾಡಿದ ಕೆಲಸ ಇನ್ನೊಂದು ಆದರೆ ಆ ದೇಶದ ಕಾನೂನು ಅಪರಾಧಿಯೆಂದು ಕಾಣುವುದು ಮೊದಲು ನಿಮ್ಮನ್ನೇ.

ಇಲ್ಲಿಯೇ ದಲ್ಲಾಳಿಯ ಆಟ ಶುರುವಾಗುವುದು. ಅವನ ಮಾತು ನಿಮಗೆ ಬಾಯಿಪಾಠವಾಗಿರಬೇಕು: "ಕೆಲಸದ ವೀಸಾ ಬರಾಕ ಮೂರು ತಿಂಗಳು ಬೇಕಪ್ಪಾ. ಈಗ ವಿಜಿಟ್ ಮ್ಯಾಲೆ ಹೋಗು, ಅಲ್ಲಿ ಹೋದಮ್ಯಾಲೆ ಪಕ್ಕಾ ಮಾಡಿಸಿಕೊಡ್ತಾರ." ವಿಜಿಟ್ ವೀಸಾ ಎಂದರೆ ಭೇಟಿಯ ಚೀಟಿ. ನೋಡಲು, ನೆಂಟರನ್ನು ಕಾಣಲು ಬರುವವರಿಗೆ ಕೊಡುವಂಥದು. ಅದು ಬೇಗ ಸಿಗುತ್ತದೆ, ದಲ್ಲಾಳಿಗೆ ಅಗ್ಗವಾಗಿ ಸಿಗುತ್ತದೆ. ನಿಮ್ಮಿಂದ ಮಾತ್ರ ಕೆಲಸದ ವೀಸಾದ ಬೆಲೆಯನ್ನೇ ತೆಗೆದುಕೊಳ್ಳುತ್ತಾನೆ.

ಅವನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಪಾಯಕಾರಿ. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಭೇಟಿಯ ವೀಸಾವನ್ನು ಕೆಲಸದ ವೀಸಾಕ್ಕೆ ಬದಲಾಯಿಸಲು ದಾರಿ ಇದೆ. ಯಾವನಾದರೂ ಮಾಲೀಕ ಮುಂದೆ ಬಂದು, ಹಣ ಕಟ್ಟಿ, ಪರವಾನಗಿ ತೆಗೆಸಿದರೆ ಬದಲಾಗುತ್ತದೆ. ಆದರೆ ಆ ಪರವಾನಗಿ ಕೈಗೆ ಬರುವ ತನಕ ಒಂದು ದಿನವೂ ದುಡಿಯುವಂತಿಲ್ಲ. ಪರವಾನಗಿ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ವರೆಗೆ ದಂಡವೆಂದು 2024ರಲ್ಲಿ ಅಲ್ಲಿ ಕಾನೂನು ಬಿಗಿಯಾಯಿತು. ಬಿಗಿಯಾದದ್ದು ಒಳ್ಳೆಯದೇ. ಆದರೆ ದಂಡಕ್ಕೆ ಹೆದರಿದ ಮಾಲೀಕ ಏನು ಮಾಡುತ್ತಾನೆ? ತಪಾಸಣೆಯವರು ಬಂದಾಗ ನಿಮ್ಮನ್ನು ಹಿಂದಿನ ಬಾಗಿಲಿನಿಂದ ಓಡಿಸುತ್ತಾನೆ. ತಿಂಗಳ ಕೊನೆಗೆ ಸಂಬಳ ಕೇಳಿದರೆ "ನೀನು ಯಾರು, ನಿನ್ನ ಹೆಸರು ನನ್ನ ಪುಸ್ತಕದಲ್ಲಿಲ್ಲ" ಎನ್ನುತ್ತಾನೆ. ಪುಸ್ತಕದಲ್ಲಿ ನಿಜವಾಗಿಯೂ ಇರುವುದಿಲ್ಲ.

ಅಷ್ಟರಲ್ಲಿ ಭೇಟಿಯ ಅವಧಿ, ಸಾಮಾನ್ಯವಾಗಿ 30 ಅಥವಾ 60 ದಿನ, ಮುಗಿಯುತ್ತದೆ. ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ. ನಮ್ಮ ರೊಕ್ಕದಲ್ಲಿ ದಿನಕ್ಕೆ ಸಾವಿರ ರೂಪಾಯಿಗೂ ಹೆಚ್ಚು. ನೂರು ದಿನ ಅಡಗಿ ಕುಳಿತವನ ತಲೆಯ ಮೇಲೆ ಒಂದು ಲಕ್ಷಕ್ಕೆ ಮೀರಿದ ಭಾರ. ಊರಿಗೆ ಬರಬೇಕೆಂದರೂ ಅದನ್ನು ಕಟ್ಟದೆ ವಿಮಾನ ಹತ್ತಿಸುವುದಿಲ್ಲ. ಆ ದೇಶ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರ ವರೆಗೆ ಕ್ಷಮಾದಾನ ಘೋಷಿಸಿ, ದಂಡವಿಲ್ಲದೆ ಹೊರಟುಹೋಗಲು ಅವಕಾಶ ಕೊಟ್ಟಾಗ ಸಾಲುಗಟ್ಟಿ ಜನ ಬಂದರು. ಇಂಥ ಕ್ಷಮಾದಾನ ವರ್ಷವರ್ಷ ಬರುವುದಿಲ್ಲ. ಅದನ್ನು ನಂಬಿ ಹೋಗುವುದು ಸಾಲಮನ್ನಾ ಆಗುತ್ತದೆಂದು ಸಾಲ ತೆಗೆದಂತೆ.

ಈಗ ಲೆಕ್ಕ ಮಾಡೋಣ. ದಲ್ಲಾಳಿ ಒಂದೂವರೆ ಲಕ್ಷ ಕೇಳಿದನೆನ್ನಿ. ಮನೆಯಲ್ಲಿ ಅಷ್ಟು ಇಲ್ಲ, ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಮೇಲೆ ತಂದಿರಿ. ತಿಂಗಳಿಗೆ ಬಡ್ಡಿಯೇ ನಾಲ್ಕೂವರೆ ಸಾವಿರ. ಮೂರು ತಿಂಗಳು ದುಡಿದು ಸಂಬಳ ಬರಲಿಲ್ಲವೆಂದರೆ ಹದಿಮೂರೂವರೆ ಸಾವಿರ ಬಡ್ಡಿ ಬೆಳೆಯಿತು, ಅಸಲು ಹಾಗೆಯೇ ಕುಳಿತಿತು, ದಂಡ ಬೇರೆ. ಹೆಂಡತಿಯ ತಾಳಿಯೋ, ಎರಡು ಎಕರೆ ಎರೆಭೂಮಿಯೋ ಹೋಯಿತು. ಆದರೆ ಕಾನೂನು ಹೇಳುವುದೇನು? ಸರಕಾರದಲ್ಲಿ ನೋಂದಾಯಿಸಿಕೊಂಡ ನೇಮಕಾತಿ ಏಜೆಂಟನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ. ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕಲೇಬಾರದು ಎನ್ನುತ್ತದೆ. ಹಾಗಾದರೆ ಉಳಿದ ಲಕ್ಷಕ್ಕೂ ಮಿಕ್ಕ ಹಣ ಯಾತಕ್ಕೆ? ಈ ಪ್ರಶ್ನೆ ಕೇಳಿದ ದಿನವೇ ಕಳ್ಳ ದಲ್ಲಾಳಿ ನಿಮ್ಮ ಬೀದಿಗೆ ಬರುವುದನ್ನು ಬಿಡುತ್ತಾನೆ.

ಇನ್ನು ಹತ್ತನೆಯ ಇಯತ್ತೆಯ ಮಾತು. ನಮ್ಮ ದೇಶದ 1983ರ ವಲಸೆ ಕಾನೂನು ಮೆಟ್ರಿಕ್ ಪಾಸಾಗದ ಕೆಲಸಗಾರನಿಗೆ ಒಂದು ರಕ್ಷಣೆ ಇಟ್ಟಿದೆ. ಅವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಮೂರು ಅಕ್ಷರ ಅಚ್ಚಾಗಿರುತ್ತವೆ. ಕೊಲ್ಲಿಯ ಆರು ರಾಷ್ಟ್ರಗಳು, ಮಲೇಶಿಯಾ, ಜೋರ್ಡಾನ್, ಇರಾಕ್ ಮೊದಲಾದ ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ ಅಂಥವನು ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ಅಧಿಕಾರಿಯ ಕಚೇರಿ ಬೆಂಗಳೂರಿನಲ್ಲಿಯೂ ಇದೆ, ಹೈದರಾಬಾದಿನಲ್ಲಿಯೂ ಇದೆ. ಅರ್ಜಿಯೆಲ್ಲಾ ಇ-ಮೈಗ್ರೇಟ್ ಎಂಬ ಸರಕಾರಿ ಜಾಲತಾಣದ ಮೂಲಕ ನಡೆಯುತ್ತದೆ. ಮಾಲೀಕ ಯಾರು, ಕರಾರು ಏನು, ಸಂಬಳ ಎಷ್ಟು ಎಂಬುದೆಲ್ಲ ಅಲ್ಲಿ ದಾಖಲಾಗಬೇಕು. ಹತ್ತನೆಯದು ಪಾಸಾದವರಿಗೆ, ಐವತ್ತು ವರ್ಷ ಮೀರಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಈ ಅನುಮತಿ ಬೇಕಾಗಿಲ್ಲ.

ನಮ್ಮ ಹುಡುಗರು ಇದನ್ನು ಅವಮಾನವೆಂದು ತಿಳಿಯುತ್ತಾರೆ. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟು ಗಿರಣಿ ಸೇರಿದವರೇ ಹೆಚ್ಚು, ಬಡತನ ಬಿಡಿಸಿತೇ ಹೊರತು ಅವರ ತಲೆ ಮಂದವಾಗಿರಲಿಲ್ಲ. ದಲ್ಲಾಳಿ ಹೇಳುತ್ತಾನೆ, ಹತ್ತನೆಯದರ ಮಾರ್ಕ್ಸ್ ಕಾರ್ಡು ತಂದುಕೊಡುತ್ತೇನೆ, ಐದು ಸಾವಿರ ಕೊಡು ಎಂದು. ಅದು ಖೋಟಾ ದಾಖಲೆ, ಜೇಲಿನ ದಾರಿ. ಇಲ್ಲವೇ ಭೇಟಿಯ ವೀಸಾ ಕೊಡಿಸುತ್ತಾನೆ, ಏಕೆಂದರೆ ಭೇಟಿಗೆ ಹೋಗಿಬರುವವನಿಗೆ ರಕ್ಷಣಾಧಿಕಾರಿಯ ಅನುಮತಿ ಬೇಕಿಲ್ಲ, ಮರಳುವ ಟಿಕೀಟು ತೋರಿಸಿದರೆ ಸಾಕು. ಹೀಗೆ ಅಧಿಕಾರಿಯ ಕಣ್ಣು ತಪ್ಪಿಸಿದಾಗ ನಿಮಗೆ ತಪ್ಪಿದ್ದೇನು? ಕರಾರಿನ ದಾಖಲೆ ತಪ್ಪಿತು. ಅಲ್ಲಿ ಜಗಳವಾದರೆ ತೋರಿಸಲು ಕಾಗದ ತಪ್ಪಿತು. ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ತಪ್ಪಿತು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಹತ್ತು ಲಕ್ಷ ರೂಪಾಯಿ. ವಾರಕ್ಕೊಂದು ಬೀಡಿ ಕಟ್ಟಿನ ಖರ್ಚೂ ಆಗದ ಈ ಬಿಮೆ ಅನುಮತಿಯ ಜೊತೆಗೇ ಬರುತ್ತದೆ, ಭೇಟಿಯ ಚೀಟಿಯವನಿಗೆ ಬರುವುದಿಲ್ಲ.

ಕೆಲಸದ ವೀಸಾ ಎಂದು ಬರೆದಿದ್ದರೆ ಸಾಕೆ? ಸಾಲದು. ಯಾವ ಕೆಲಸ, ಯಾರ ಹತ್ತಿರ ಎಂಬುದನ್ನು ಓದಬೇಕು. ಮಸ್ಕಿಯವರಿಗೆ ಇದನ್ನು ಹೇಳುವುದು ಸುಲಭ. ನಿಮ್ಮೂರ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬರುವ ತನಕ ದೇಶದ ತುಂಬ ಶಾಸನಗಳಲ್ಲಿ ಬರೀ "ದೇವಾನಾಂಪ್ರಿಯ" ಎಂಬ ಬಿರುದೇ ಕಾಣುತ್ತಿತ್ತು. ಆ ಬಿರುದಿನವನು ಅಶೋಕನೇ ಎಂದು ನಿಶ್ಚಯವಾದದ್ದು ಇಲ್ಲಿ ಹೆಸರು ಕೊರೆದಿದ್ದರಿಂದ. ವೀಸಾದಲ್ಲಿಯೂ ಬಿರುದು ನೋಡಿ ಮರುಳಾಗಬೇಡಿ, ಹೆಸರು ನೋಡಿ.

ಕುವೈತಿನ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ವಾಸದ ಪರವಾನಗಿಗೆ ಕಲಮುಗಳ ಅಂಕಿಗಳಿವೆ. 18ನೆಯ ಕಲಮಿನ ವೀಸಾ ಕಂಪನಿ, ಕಾರ್ಖಾನೆ, ಅಂಗಡಿಗಳ ನೌಕರನದು. 20ನೆಯ ಕಲಮಿನದು ಮನೆಗೆಲಸದವರದು, ಖಾದಿಮ್ ವೀಸಾ ಎಂದು ಕರೆಯುವುದು ಅದನ್ನೇ. 18ರವನಿಗೆ 2010ರ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. 20ರವನು ಅದರ ಹೊರಗೆ, ಅವನಿಗೆ 2015ರ ಬೇರೆ ಕಾನೂನು. ಇವನನ್ನು ಕರೆಸುವುದು ಒಂದು ಮನೆಯ ಯಜಮಾನ, ಇವನು ಆ ಮನೆ ಬಿಟ್ಟು ಹೊರಗೆ ಕೆಲಸ ಮಾಡುವಂತಿಲ್ಲ. ದಲ್ಲಾಳಿ "ಹೋಟೇಲಿನ ಕೆಲಸ" ಎಂದು ಹೇಳಿ 20ರ ಚೀಟಿ ಕೈಗಿಡುತ್ತಾನೆ. ಹುಡುಗ ಹೋಟೇಲಿನಲ್ಲಿ ದುಡಿಯುತ್ತಾನೆ, ಕಾಗದದಲ್ಲಿ ಮಾತ್ರ ಯಾವುದೋ ಮನೆಯ ಆಳು. ಪೋಲೀಸರು ಹಿಡಿದರೆ ಹೋಟೇಲಿನವನು ಕೈ ಎತ್ತುತ್ತಾನೆ, ಮನೆಯ ಯಜಮಾನ "ಓಡಿಹೋದವನು" ಎಂದು ಬರೆಸುತ್ತಾನೆ. ಎರಡು ಅಂಕಿಗಳ ನಡುವೆ ಒಬ್ಬ ಮನುಷ್ಯನ ಬಾಳು ಸಿಕ್ಕಿಬೀಳುವುದು ಹೀಗೆ.

ಸೌದಿಯಲ್ಲಿ ಇದರ ಅಣ್ಣನಿದ್ದಾನೆ, ಆಜಾದ್ ವೀಸಾ. ಹೆಸರು ಎಷ್ಟು ಚೆನ್ನಾಗಿದೆ ನೋಡಿ! ಸ್ವಾತಂತ್ರ್ಯದ ವೀಸಾ! ಅಂಥ ವೀಸಾ ಸೌದಿಯ ಕಾನೂನಿನಲ್ಲಿ ಇಲ್ಲವೇ ಇಲ್ಲ. ಒಬ್ಬ ಕಫೀಲ, ಅಂದರೆ ಜಾಮೀನುದಾರ ಮಾಲೀಕ, ತನ್ನ ಹೆಸರಿನಲ್ಲಿ ವೀಸಾ ತೆಗೆಸಿ ಮಾರುತ್ತಾನೆ. ಕೆಲಸ ಮಾತ್ರ ಕೊಡುವುದಿಲ್ಲ. "ಎಲ್ಲಿಯಾದರೂ ದುಡಿ, ತಿಂಗಳಿಗೆ ನನಗೆ ಇಷ್ಟು ಕೊಡು" ಎನ್ನುತ್ತಾನೆ. ಒಂದು ತಿಂಗಳು ತಪ್ಪಿದರೆ, ಅಥವಾ ಅವನಿಗೆ ಇನ್ನೂ ಹೆಚ್ಚು ಬೇಕೆನಿಸಿದರೆ, ಹುರೂಬ್ ಹಾಕಿಸುತ್ತಾನೆ. ಹುರೂಬ್ ಎಂದರೆ ಕೆಲಸ ಬಿಟ್ಟು ತಲೆಮರೆಸಿಕೊಂಡವನೆಂಬ ದಾಖಲೆ. ಅದು ಬಿದ್ದ ಮೇಲೆ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದೂ ಇಲ್ಲದಂತೆ. ದುಡಿದವನೇ ಮಾಲೀಕನಿಗೆ ಪಗಾರ ಕೊಡುವ ಈ ವ್ಯವಸ್ಥೆಯನ್ನು ಆಜಾದಿ ಎಂದು ಕರೆದವನ ಧೈರ್ಯವನ್ನು ಮೆಚ್ಚಲೇಬೇಕು.

ಈ ಕಫಾಲಾ ಪದ್ಧತಿ ಎಲ್ಲ ಕಡೆ ಒಂದೇ ರೀತಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಕತಾರ್ ದೇಶ 2020ರಲ್ಲಿ ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಹಕ್ಕು ಕೊಟ್ಟಿತು, 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಗೊತ್ತುಮಾಡಿತು. ಸೌದಿಯೂ 2021ರಲ್ಲಿ ಕೆಲವು ಸುಧಾರಣೆ ತಂದಿತು. ಆದರೆ ಈ ಸುಧಾರಣೆಗಳ ಫಲ ಸಿಗುವುದು ಸರಿಯಾದ ಕೆಲಸದ ವೀಸಾದ ಮೇಲೆ ಹೋದವನಿಗೆ. ಕಾಗದದಲ್ಲಿ ಕೆಲಸಗಾರನೇ ಅಲ್ಲದವನು ಕಾರ್ಮಿಕ ಕೋರ್ಟಿನ ಮೆಟ್ಟಿಲು ಹೇಗೆ ಹತ್ತುತ್ತಾನೆ?

ತಾಯಂದಿರಿಗೆ ಒಂದು ಮಾತು. ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು ಇ.ಸಿ.ಆರ್. ಪಾಸ್‌ಪೋರ್ಟಿನವಳಾಗಿದ್ದರೆ ಮೂವತ್ತು ವರ್ಷ ತುಂಬಿರಬೇಕು, ಸರಕಾರ ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಹೋಗಬೇಕು. ಇಪ್ಪತ್ತೆರಡು ವರ್ಷದ ಹುಡುಗಿಯನ್ನು ಭೇಟಿಯ ಚೀಟಿಯ ಮೇಲೆ ಕಳಿಸುತ್ತೇನೆಂದು ಬರುವ ಹೆಂಗಸು ನಿಮ್ಮ ಸಂಬಂಧಿಯೇ ಆಗಿದ್ದರೂ ಬಾಗಿಲು ತೆರೆಯಬೇಡಿ. ಬೀಗ ಹಾಕಿದ ಮನೆಯೊಳಗಿನ ದುಡಿಮೆಗೆ ಸಾಕ್ಷಿ ಇರುವುದಿಲ್ಲ.

"ವೀಸಾವೇ ಬೇಡ" ಎಂಬ ದೇಶದ ಆಸೆ ತೋರಿಸುವುದು ಇತ್ತೀಚಿನ ವರ್ಷಗಳ ಹೊಸ ವ್ಯಾಪಾರ. ಥಾಯ್ಲೆಂಡು 2023ರ ನವೆಂಬರಿನಲ್ಲಿ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಡವೆಂದಿತು. ಪ್ರವಾಸಿಗಳಿಗೆ, ಕೆಲಸಗಾರರಿಗಲ್ಲ. ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿ ಹೋದ ಓದಿದ ಹುಡುಗರನ್ನೇ ಗಡಿ ದಾಟಿಸಿ ಬರ್ಮಾದೇಶದ ಕಾವಲು ಕಟ್ಟಡಗಳಲ್ಲಿ ಕೂಡಿಹಾಕಿದರು. ಫೋನಿನ ಮೇಲೆ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚಿದರು. 2025ರ ಮಾರ್ಚಿನಲ್ಲಿ ಎರಡು ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಬಿಡಿಸಿ ತರಬೇಕಾಯಿತು. ಇರಾನ್ ದೇಶ 2024ರಲ್ಲಿ ಕೊಟ್ಟಿದ್ದ ಇಂಥದೇ ಸೌಲಭ್ಯವನ್ನು 2025ರ ನವೆಂಬರ್ 22ರಿಂದ ನಿಲ್ಲಿಸಿತು. ಕೆಲಸದ ಆಸೆ ತೋರಿಸಿ ಭಾರತೀಯರನ್ನು ಅಲ್ಲಿಗೆ ಕರೆಸಿ ಅಪಹರಿಸುತ್ತಿದ್ದುದೇ ಅದಕ್ಕೆ ಕಾರಣ.

ದೂರದ ಮಾತೆಂದು ತಿಳಿಯಬೇಡಿ. ನಮ್ಮ ಭಾಗದ ಕಲಬುರಗಿ ಜಿಲ್ಲೆಯ ಹುಡುಗರು 2023ರ ಕೊನೆಯಲ್ಲಿ ಕಾವಲುಗಾರನ, ಸಹಾಯಕನ ಕೆಲಸವೆಂದು ರಶಿಯಾಕ್ಕೆ ಹೋದರು. ತಮಗೆ ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿದ ಮೇಲೆ ಉಕ್ರೇನಿನ ಯುದ್ಧದ ಕಂದಕಕ್ಕೆ ಅವರನ್ನು ಕಳಿಸಲಾಯಿತು. ಅವರು ಮನೆಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಮರಳಿ ಬಾರದ ಭಾರತೀಯರೂ ಇದ್ದಾರೆ. ಸಿ.ಬಿ.ಐ. 2024ರ ಮಾರ್ಚಿನಲ್ಲಿ ಮೊಕದ್ದಮೆ ಹೂಡಿ ಹಲವು ಊರುಗಳಲ್ಲಿ ಏಜೆಂಟರ ಕಚೇರಿಗಳನ್ನು ಶೋಧಿಸಿತು.

ಧರ್ಮಯಾತ್ರೆಗೆ ಹೋಗುವ ಹಿರಿಯರೂ ಇಲ್ಲಿ ಕುಳಿತಿದ್ದೀರಿ. ಹಜ್ಜಿಗೆ ಹಜ್ಜಿನ ವೀಸಾ ಬೇಕು. ಉಮ್ರಾದ ವೀಸಾ, ಭೇಟಿಯ ವೀಸಾ ಅಗ್ಗವೆಂದು ಅದರ ಮೇಲೆ ಹೋಗಿ ಹಜ್ಜಿನ ದಿನದ ತನಕ ಅಡಗಿ ಕುಳಿತು ಸೇರಿಕೊಳ್ಳಿ ಎಂದು ಹೇಳುವ ದಲ್ಲಾಳಿಗಳಿದ್ದಾರೆ. 2024ರ ಹಜ್ಜಿನಲ್ಲಿ ಬಿಸಿಲು 50 ಡಿಗ್ರಿ ದಾಟಿತ್ತು. ಸತ್ತವರು 1,301 ಎಂದು ಸೌದಿ ಸರಕಾರವೇ ಹೇಳಿತು, ಅವರಲ್ಲಿ ನೂರಕ್ಕೆ 83 ಜನ ಅನುಮತಿ ಇಲ್ಲದೆ ಬಂದವರು. ಅನುಮತಿ ಇಲ್ಲದವನಿಗೆ ತಂಪು ಡೇರೆಯಿಲ್ಲ, ಬಸ್ಸಿಲ್ಲ, ಬಿಸಿಲಲ್ಲಿ ನಡೆಯಬೇಕು. ವೀಸಾದ ತಪ್ಪು ಆಯ್ಕೆ ಬರೀ ರೊಕ್ಕದ ನಷ್ಟವಲ್ಲವೆಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ನನಗೆ ಗೊತ್ತಿಲ್ಲ.

ವ್ಯಾಪಾರಿ ಮಿತ್ರರಿಗೆ ಹೆಚ್ಚು ಹೇಳಬೇಕಾಗಿಲ್ಲ, ಕಾಗದ ಓದುವುದು ನಿಮಗೆ ಗೊತ್ತು. ಗಿರಣಿಗೆ ಅಕ್ಕಿ ಆರಿಸುವ ಯಂತ್ರ ನೋಡಲು, ಸರಕು ಖರೀದಿಸಲು ಚೀನಾಕ್ಕೆ ಹೋಗುವವರು ವ್ಯಾಪಾರದ ಎಂ ವೀಸಾ ತೆಗೆಸಿ, ಪ್ರವಾಸಿಯ ಎಲ್ ವೀಸಾದ ಮೇಲೆ ಹೋಗಿ ಸೌದೆ ಕುದುರಿಸಬೇಡಿ. ಅಮೆರಿಕೆಯಲ್ಲಿ ಮಗ ಇಂಜಿನಿಯರನಾಗಿದ್ದು ಮೊಮ್ಮಗುವಿನ ಆರೈಕೆಗೆ ಹೋಗುವ ತಂದೆತಾಯಂದಿರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. ಅವರಿಗೆ ಕೊಡುವ ಸಂದರ್ಶಕ ವೀಸಾದ ಮೇಲೆ ಹತ್ತು ವರ್ಷವೆಂದು ಇರುತ್ತದೆ. ಅಂದರೆ ಹತ್ತು ವರ್ಷ ಬಾಗಿಲು ಬಡಿಯಬಹುದು ಎಂದಷ್ಟೇ ಅರ್ಥ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಇಳಿದಾಗ ಅಧಿಕಾರಿ ಗೊತ್ತುಮಾಡುತ್ತಾನೆ, ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಮೊಮ್ಮಗು ಶಾಲೆ ಮುಗಿಸುವ ತನಕ ಮುಖ ಕಾಣಲಾಗುವುದಿಲ್ಲ. ಬಾಗಿಲೇ ಬೇಡ, ಗೋಡೆ ಹಾರುತ್ತೇನೆ ಎಂದು ಲಕ್ಷಾಂತರ ಸುರಿದವರ ಕಥೆ 2025ರ ಫೆಬ್ರವರಿ 5ರಂದು ಅಮೃತಸರದಲ್ಲಿ ಕಂಡಿತು. ಅಮೆರಿಕೆಯ ಸೈನ್ಯದ ವಿಮಾನದಲ್ಲಿ 104 ಜನರನ್ನು ಕೈಗೆ ಕೋಳ ಹಾಕಿ ತಂದಿಳಿಸಿದರು.

ಸರಿಯಾದ ವೀಸಾ ಇದ್ದರೆ ಎಲ್ಲ ಸುಖವೇ ಎಂದು ಕೇಳುತ್ತೀರಿ. ಹಾಗೆಂದು ನಾನು ಹೇಳಲಾರೆ. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನದ ಮೇಲೆ 45 ಭಾರತೀಯರ ಶವಗಳನ್ನು ಹೊತ್ತು ವಾಯುಪಡೆಯ ವಿಮಾನ ಕೊಚ್ಚಿಗೆ ಬಂತು. ಅದರಲ್ಲಿ ಒಬ್ಬ ಕಲಬುರಗಿ ಜಿಲ್ಲೆಯವನು. ಆ ಕಟ್ಟಡದಲ್ಲಿದ್ದವರು ಗುರುತಿಲ್ಲದ ಕಡೆ ದುಡಿಯುತ್ತಿದ್ದವರಲ್ಲ, ದೊಡ್ಡದೊಂದು ಕಂಪನಿ ತನ್ನ ನೌಕರರಿಗೆಂದು ಹಿಡಿದ ಬಾಡಿಗೆ ಕಟ್ಟಡ ಅದು. ಒಂದೇ ಮಹಡಿಯಲ್ಲಿ ಕಿಕ್ಕಿರಿದು ಮಲಗಿಸುವ ದುರಾಸೆಯನ್ನು ಯಾವ ವೀಸಾವೂ ತಡೆಯುವುದಿಲ್ಲ. ಅಷ್ಟಾದರೂ ಅಲ್ಲಿ ಸತ್ತವರು ಯಾರು, ಯಾರ ನೌಕರರು, ಪರಿಹಾರ ಯಾರು ಕೊಡಬೇಕು ಎಂಬುದು ತಿಳಿಯುವಂತಿತ್ತು. ಚೀಟಿ ತಪ್ಪಿದವನು ಸತ್ತರೆ ಶವ ಯಾರದೆಂದು ಕೇಳುವವರೇ ಸಿಗುವುದಿಲ್ಲ.

ಕಾಗದವಿಲ್ಲದ ಬದುಕು ಎಂಥದೆಂದು ಸಿಂಧನೂರಿನವರು ಹತ್ತಿರದಿಂದ ಕಂಡಿದ್ದೀರಿ. ಪೂರ್ವ ಬಂಗಾಳದಿಂದ ಬಂದು ಇಲ್ಲಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಎಷ್ಟೋ ಜನ ಪೌರತ್ವದ ಪತ್ರಕ್ಕಾಗಿ ಅರ್ಧ ಶತಮಾನ ಅಲೆದರು. ಅವರು ವಿಧಿಯಿಲ್ಲದೆ ಬಂದವರು. ನಮ್ಮ ಮಕ್ಕಳು ರೊಕ್ಕ ಕೊಟ್ಟು ಆ ಸ್ಥಿತಿಯನ್ನು ಕೊಳ್ಳುತ್ತಿದ್ದಾರಲ್ಲ ಎಂಬುದೇ ನನ್ನ ಸಂಕಟ.

ಕಾನೂನು ದಲ್ಲಾಳಿಯನ್ನು ಹಿಡಿಯುವುದಿಲ್ಲವೇ? ಹಿಡಿಯುತ್ತದೆ, ಮೆಲ್ಲಗೆ ಹಿಡಿಯುತ್ತದೆ. ನೋಂದಣಿಯಿಲ್ಲದೆ ಪರದೇಶಕ್ಕೆ ಕೆಲಸಗಾರರನ್ನು ನೇಮಿಸುವವನಿಗೆ 1983ರ ಕಾನೂನು ಬರೆದ ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಎರಡು ಲಕ್ಷ ಅಲ್ಲ, ಎರಡು ಸಾವಿರ! ಒಬ್ಬ ಹುಡುಗನ ಫೋಟೋ, ಝೆರಾಕ್ಸು, ಬಸ್ ಚಾರ್ಜು ಎಂದು ದಲ್ಲಾಳಿ ಮೊದಲ ದಿನವೇ ಅಷ್ಟು ತೆಗೆದುಕೊಳ್ಳುತ್ತಾನೆ. ಹೊಸ ಕಾನೂನಿನ ಕರಡುಗಳನ್ನು ಸರಕಾರ 2019ರಲ್ಲಿ, 2021ರಲ್ಲಿ, 2025ರಲ್ಲಿ ಪ್ರಕಟಿಸಿತು. ಕರಡು ಬರೆಯುವುದರಲ್ಲಿ ನಮ್ಮ ಸರಕಾರಗಳ ಕೈ ಪಳಗಿದೆ. ದಂಡ ಹೆಚ್ಚಲಿ, ರಾಯಚೂರಿನಂಥ ಜಿಲ್ಲೆಯಲ್ಲಿಯೇ ರಕ್ಷಣಾಧಿಕಾರಿಯ ಒಂದು ಶಾಖೆ ತೆರೆಯಲಿ ಎಂದು ಕೇಳುವುದು ನಮ್ಮ ಕೆಲಸ. ಕೇಳುತ್ತಾ ಇರೋಣ. ಅಲ್ಲಿಯವರೆಗೆ ನಮ್ಮ ಎಚ್ಚರ ನಮಗೆ.

ಹಾಗಾದರೆ ಮಾಡಬೇಕಾದ್ದೇನು? ರೊಕ್ಕ ಕೊಡುವ ಮೊದಲು ವೀಸಾದ ಪ್ರತಿ ಕೇಳಿ. "ವಿಮಾನ ನಿಲ್ದಾಣದಲ್ಲಿ ಕೊಡುತ್ತೇನೆ" ಎಂದರೆ ಅಲ್ಲಿಗೇ ಮಾತು ಮುಗಿಸಿ. ಪ್ರತಿ ಸಿಕ್ಕರೆ ಅದರ ಮೇಲಿನ ಜಾತಿ ನೋಡಿ, ಭೇಟಿಯೋ ಕೆಲಸವೋ ಎಂದು. ಕೆಲಸವಾದರೆ ಯಾವ ಕೆಲಸ, ಮಾಲೀಕ ಕಂಪನಿಯೋ ಮನೆಯವನೋ ನೋಡಿ. ಪಾಸ್‌ಪೋರ್ಟಿನ ಹೆಸರಿಗೂ ವೀಸಾದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿರಬಾರದು. ಏಜೆಂಟನ ನೋಂದಣಿ ಸಂಖ್ಯೆ ಕೇಳಿ ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಿ. "ನಾನು ಅವರ ಕೈಕೆಳಗಿನ ಸಬ್ ಏಜೆಂಟ್" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಏಜೆಂಟರೇ ಬೇಡವೆನ್ನುವವರಿಗೆ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಕರಾರಿನ ಕಾಗದವನ್ನು ಓದದೆ ಸಹಿ ಹಾಕಬೇಡಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಉದ್ಯೋಗದ ಕರಾರನ್ನು ಅರಬ್ಬಿ, ಇಂಗ್ಲಿಷಿನ ಜೊತೆಗೆ ಹಿಂದಿ, ಉರ್ದು, ತಮಿಳು, ಮಲೆಯಾಳಂ ಭಾಷೆಗಳಲ್ಲಿ ಕೊಡುವ ಏರ್ಪಾಟು 2016ರಿಂದ ಇದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮ ಜಿಲ್ಲೆಯವರಿಗೆ ಉರ್ದು, ಹಿಂದಿ ಬರುತ್ತದಾದ್ದರಿಂದ ಆ ಪ್ರತಿಯನ್ನು ಹಟ ಹಿಡಿದು ಕೇಳಿ.

ಅಲ್ಲಿ ಇಳಿದ ಮೇಲೆ ಮಾಲೀಕ ಪಾಸ್‌ಪೋರ್ಟು ಕಿತ್ತಿಟ್ಟುಕೊಂಡರೆ ಅದು ಅವನ ಹಕ್ಕಲ್ಲ. ಆ ಪುಸ್ತಕ ಭಾರತ ಸರಕಾರದ ಸ್ವತ್ತು. ರಾಯಭಾರ ಕಚೇರಿಗೆ ದೂರು ಕೊಡಿ. ಮನೆಯವರು ಇಲ್ಲಿಂದಲೇ 2015ರಲ್ಲಿ ಆರಂಭವಾದ ಮದದ್ ಎಂಬ ಸರಕಾರಿ ಜಾಲತಾಣದಲ್ಲಿ ದೂರು ಬರೆಸಬಹುದು. ಅದಕ್ಕಾಗಿ ಪಾಸ್‌ಪೋರ್ಟು, ವೀಸಾ, ಕರಾರು, ರಸೀದಿ ನಾಲ್ಕರ ಫೋಟೋ ಹೊರಡುವ ಮೊದಲೇ ಮನೆಯ ಫೋನಿನಲ್ಲಿರಲಿ, ಒಂದು ಝೆರಾಕ್ಸು ಟ್ರಂಕಿನಲ್ಲಿಯೂ ಇರಲಿ. ಫೋನು ಒಡೆಯುತ್ತದೆ.

ಪ್ರತಿ ಸೋಮವಾರ ಸಂಜೆ ಗಿರಣಿ ಬಿಟ್ಟ ಮೇಲೆ ಸಂಘದ ಕೋಣೆಯಲ್ಲಿ ನಾನಿರುತ್ತೇನೆ. ಜೊತೆಗೆ ಇಂಗ್ಲಿಷ್ ಬಲ್ಲ ಇಬ್ಬರು ಕಾಲೇಜು ಹುಡುಗರು ಇರುತ್ತಾರೆ. ಯಾರ ಮನೆಯಲ್ಲಿ ಇಂಥ ಕಾಗದವಿದೆಯೋ ಅವರು ತನ್ನಿ, ಓದಿ ಹೇಳುತ್ತೇವೆ. ಫೀಜು ಇಲ್ಲ. ಮುಂಗಡ ಕೊಟ್ಟಾಗಿದ್ದರೂ ಸಂಕೋಚ ಬೇಡ, ರಸೀದಿ ಇರಲಿ ಬಿಡಲಿ, ಯಾವ ದಿನ, ಎಷ್ಟು, ಯಾರ ಎದುರಿಗೆ ಕೊಟ್ಟಿರೆಂದು ಒಂದು ಹಾಳೆಯಲ್ಲಿ ಬರೆದು ತನ್ನಿ.